ಡಬ್ಬದಲ್ಲಿ ಸತ್ತ ಬೀಜ

ಮೂರು ವರ್ಷದ ಹಿಂದೆ ಬೆಂಗಳೂರಿನ ಅಂಗಡಿಯೊಂದರಿಂದ ಟೊಮೆಟೊ ಬೀಜದ ಪೊಟ್ಟಣ ತಂದು ತಾರಸಿಯ ಕುಂಡಗಳಲ್ಲಿ ಬಿತ್ತಿದೆ. ವಾರ ಕಳೆಯುವಷ್ಟರಲ್ಲಿ ಮೊಳಕೆ ಕಾಣಿಸಿತು. ಮೂರು ತಿಂಗಳು ತುಂಬುವ ಮೊದಲೇ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಹ ಹಣ್ಣುಗಳು ತೂಗಿದವು. ಸಂತೋಷದಿಂದ ಒಂದು ಹಣ್ಣಿನ ಬೀಜ ತೆಗೆದು, ಒಣಗಿಸಿ, ಮರುವರ್ಷ ಬಿತ್ತಿದೆ. ಈ ಬಾರಿ ಬಂದ ಹತ್ತು ಗಿಡಗಳು ಹತ್ತು ಬಗೆ. ಒಂದು ಬಳ್ಳಿಯಂತೆ ಹಬ್ಬಿತು, ಇನ್ನೊಂದು ಮೊಣಕಾಲೆತ್ತರಕ್ಕೆ ನಿಂತಿತು. ಒಂದರಲ್ಲಿ ಗೋಲಿ ಗಾತ್ರದ ಹಣ್ಣು, ಮತ್ತೊಂದರಲ್ಲಿ ಎಲೆ ಮುದುಡಿ ಹೂವೇ ಉದುರಿತು.

ಇದರಲ್ಲಿ ಮೋಸವೇನೂ ಇಲ್ಲ. ಗ್ರೆಗರ್ ಮೆಂಡೆಲ್ ಎಂಬ ಪಾದ್ರಿ ಬ್ರನೋ ನಗರದ ಮಠದ ಹಿತ್ತಲಿನಲ್ಲಿ ಬಟಾಣಿ ಬೆಳೆದು, 1866ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿಯೇ ಈ ವಿಚಾರ ಇದೆ. ಎರಡು ಭಿನ್ನ ತಳಿಗಳ ಸಂಕರದ ಮೊದಲ ಪೀಳಿಗೆ ಏಕರೂಪವಾಗಿರುತ್ತದೆ. ಎರಡನೆಯ ಪೀಳಿಗೆಯಲ್ಲಿ ಅಜ್ಜ ಅಜ್ಜಿಯರ ಗುಣಗಳು ಬೇರೆಬೇರೆಯಾಗಿ ಒಡೆದು ನಿಲ್ಲುತ್ತವೆ. ಅಂಗಡಿಯ ಹೈಬ್ರಿಡ್ ಬೀಜ ಆ ಮೊದಲ ಪೀಳಿಗೆ. ಅದೇ ಗುಣದ ಗಿಡ ಮತ್ತೆ ಬೇಕಾದವರು ಮತ್ತೆ ಅಂಗಡಿಗೇ ಹೋಗಬೇಕು. ನನ್ನ ದೂರು ಇಷ್ಟೇ: ಆ ಪೊಟ್ಟಣದ ಮೇಲೆ ಬಣ್ಣದ ಹಣ್ಣಿನ ಚಿತ್ರ ಅಂಗೈಯಗಲ ಇತ್ತು, ‘ಎಫ್‌1’ ಎಂಬ ಎರಡಕ್ಷರ ಭೂತಗನ್ನಡಿಗೆ ಕಾಣುವಷ್ಟಿತ್ತು. ಆ ಎರಡಕ್ಷರದ ಅರ್ಥ ‘ಇದರಿಂದ ಬೀಜ ಹಿಡಿಯಬೇಡಿ’ ಎಂದು ಹೇಳುವವರು ಅಂಗಡಿಯಲ್ಲಿ ಯಾರೂ ಇರಲಿಲ್ಲ.

ನಾನು ಹೈಬ್ರಿಡ್ ವಿರೋಧಿಯಲ್ಲ. ಸಾಲ ಮಾಡಿ ಎರಡು ಎಕರೆ ಟೊಮೆಟೊ ಹಾಕಿದ ಕೋಲಾರದ ರೈತನಿಗೆ ಎಲೆಮುದುಡು ರೋಗ, ಅಂಗಮಾರಿಗಳ ಎದುರು ನಿಲ್ಲುವ ಬೀಜ ಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ‘ಅರ್ಕಾ ರಕ್ಷಕ್’ ಎಂಬ ಸಂಕರ ತಳಿಯನ್ನು ರೂಪಿಸಿದ್ದು ಇದೇ ಕಾರಣಕ್ಕೆ. ಆದರೆ ಅದೇ ಸಂಸ್ಥೆ ‘ಅರ್ಕಾ ವಿಕಾಸ್’ ಟೊಮೆಟೊ, ‘ಅರ್ಕಾ ಅನಾಮಿಕಾ’ ಬೆಂಡೆಯಂತಹ, ಬೀಜ ಹಿಡಿದು ಮತ್ತೆ ಬಿತ್ತಬಹುದಾದ ತಳಿಗಳನ್ನೂ ಕೊಟ್ಟಿದೆ. ನಾಲ್ಕು ಕುಂಡ ಇಟ್ಟುಕೊಂಡ ನಮ್ಮಂಥವರಿಗೆ ಬೇಕಾದದ್ದು ಈ ಎರಡನೆಯದು. ನಮಗೆ ಮಾರುಕಟ್ಟೆಯ ಹಂಗಿಲ್ಲ. ಕಾಯಿ ಡೊಂಕಾದರೂ ಸಾರಿಗೆ ಸಾಕು.

ಇಷ್ಟೆಲ್ಲ ಹೇಳಲು ನನಗೆ ಅಧಿಕಾರವಿದೆಯೇ ಎಂಬ ಸಂಕೋಚವೂ ಇದೆ. ಕಾರಣ, ನಮ್ಮ ಮನೆಯ ಬೀಜವನ್ನು ಕಳೆದವನು ನಾನೇ.

ನಮ್ಮವ್ವ ಮಾಗಡಿ ಸೀಮೆಯವಳು. ಮದುವೆಯಾಗಿ ಬರುವಾಗ ತವರಿನಿಂದ ಮಡಿಲಕ್ಕಿಯ ಜತೆ ಒಂದು ಹಿಡಿ ಅವರೆ ಬೀಜ ತಂದಿದ್ದಳಂತೆ. ನಾವು ಬೆಂಗಳೂರಿನ ಸೈಟಿನಲ್ಲಿ ಮನೆ ಕಟ್ಟಿದ ಮೇಲೂ ಕಾಂಪೌಂಡಿನ ಬದಿಯಲ್ಲಿ ಅದನ್ನು ಹಬ್ಬಿಸಿದಳು. ಆ ಬಳ್ಳಿಗೆ ಒಂದು ಹಟವಿತ್ತು. ಜೂನಿನಲ್ಲಿ ಬಿತ್ತಿದರೂ ಆಗಸ್ಟಿನಲ್ಲಿ ಬಿತ್ತಿದರೂ ಹಗಲು ಕಿರಿದಾಗುವವರೆಗೆ ಅದು ಹೂ ಬಿಡುತ್ತಿರಲಿಲ್ಲ. ನಾಡ ಅವರೆಯ ಸ್ವಭಾವವೇ ಅದು. ದಿನದ ಉದ್ದವನ್ನು ಅಳೆದು ಹೂ ಕಟ್ಟುವ ಗಿಡ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಈ ಕಟ್ಟನ್ನು ಬಿಡಿಸಿ, ವರ್ಷದ ಯಾವ ಕಾಲದಲ್ಲಿ ಬಿತ್ತಿದರೂ ಫಲ ಕೊಡುವ ‘ಹೆಬ್ಬಾಳ ಅವರೆ’ ತಳಿಗಳನ್ನು ರೂಪಿಸಿದರು. ಏಪ್ರಿಲ್‌ನಲ್ಲೂ ಅವರೆಕಾಯಿ ಸಿಗುವುದು ಅವರ ಕೃಪೆ, ಅದನ್ನು ಅಲ್ಲಗಳೆಯಲಾರೆ. ಆದರೆ ಮಾರ್ಗಶಿರದ ಇಬ್ಬನಿ ಕುಡಿದ ಕಾಯಿಯ ಸೊಗಡು ಬೆರಳಿಗೆ ಎಣ್ಣೆಯಂತೆ ಅಂಟುತ್ತಿತ್ತಲ್ಲ, ಅದನ್ನು ಏಪ್ರಿಲ್ ಕಾಯಿಯಲ್ಲಿ ನನ್ನ ಮೂಗು ಇನ್ನೂ ಹುಡುಕುತ್ತಿದೆ.

ಅವ್ವ ಪ್ರತಿವರ್ಷ ಮೊದಲ ಕೊಯ್ಲಿಗೆ ಬಂದ ಒಳ್ಳೆಯ ಬಳ್ಳಿಗೊಂದು ಬಟ್ಟೆಯ ಚೂರು ಕಟ್ಟುತ್ತಿದ್ದಳು. ಅದರ ಕಾಯಿಯನ್ನು ಯಾರೂ ಮುಟ್ಟುವಂತಿಲ್ಲ. ಬಳ್ಳಿಯಲ್ಲೇ ಒಣಗಿದ ಮೇಲೆ ಬಿಡಿಸಿ, ಬಿಸಿಲಿಗೆ ಹಾಕಿ, ಒಲೆಯ ಬೂದಿ ಬೆರೆಸಿ ಡಬ್ಬದಲ್ಲಿಡುತ್ತಿದ್ದಳು. ಅವಳು ತೀರಿಕೊಂಡ ಮೇಲೆ ನಾಲ್ಕು ವರ್ಷ ಯಾರೂ ಬಿತ್ತಲಿಲ್ಲ. ಕಚೇರಿ, ಮಗಳ ಓದು, ಮಹಡಿ ಕಟ್ಟಿಸುವ ಗಡಿಬಿಡಿ. ಐದನೆಯ ವರ್ಷ ಡಬ್ಬ ತೆರೆದಾಗ ಹುಳು ಹಿಡಿದು ಎಲ್ಲವೂ ತೂತಾಗಿತ್ತು. ಉಳಿದಿದ್ದ ಹದಿನೇಳು ಕಾಳನ್ನು ಬಿತ್ತಿದೆ, ಒಂದೂ ಏಳಲಿಲ್ಲ. ಈ ತಪ್ಪನ್ನು ಯಾವ ಕಂಪೆನಿಯ ಮೇಲೂ ಹೊರಿಸುವಂತಿಲ್ಲ.

ಬೀಜದ ಚರ್ಚೆ ನಮ್ಮಲ್ಲಿ ಸಾಮಾನ್ಯವಾಗಿ ಬಹುರಾಷ್ಟ್ರೀಯ ಕಂಪೆನಿ, ಪೇಟೆಂಟ್, ಕಾಯ್ದೆಗಳ ಸುತ್ತಲೇ ತಿರುಗುತ್ತದೆ. ಅದು ಬೇಕಾದ ಚರ್ಚೆಯೇ. 2010ರ ಫೆಬ್ರವರಿಯಲ್ಲಿ ಬಿ.ಟಿ. ಬದನೆ ಕುರಿತ ಸಾರ್ವಜನಿಕ ಸಮಾಲೋಚನೆ ಬೆಂಗಳೂರಿನಲ್ಲೂ ನಡೆದು, ಅದೇ ತಿಂಗಳ 9ರಂದು ಆಗಿನ ಕೇಂದ್ರ ಪರಿಸರ ಸಚಿವ ಜೈರಾಂ ರಮೇಶ್ ಅದಕ್ಕೆ ತಡೆ ಹಾಕಿದರು. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, ರೈತ ಬೀಜ ಉಳಿಸುವ, ಬಿತ್ತುವ, ಹಂಚಿಕೊಳ್ಳುವ ಹಕ್ಕನ್ನು ಮಾನ್ಯ ಮಾಡಿದೆ. ಉಡುಪಿಯ ಮಟ್ಟು ಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಆದರೆ ಮಟ್ಟು ಗ್ರಾಮದ ಬೆಳೆಗಾರರು ತಲೆತಲಾಂತರದಿಂದ ಆ ಬದನೆಯನ್ನು ಬಿತ್ತುತ್ತ ಬಂದಿರದಿದ್ದರೆ ಆ ಗುರುತನ್ನು ಯಾವುದಕ್ಕೆ ಅಂಟಿಸುತ್ತಿದ್ದರು? ಈರುಳ್ಳಿ ಬೀಜ ಸಾಧಾರಣ ಸ್ಥಿತಿಯಲ್ಲಿ ಒಂದೆರಡು ವರ್ಷಕ್ಕೇ ಸಾಯುತ್ತದೆ. ಟೊಮೆಟೊ ನಾಲ್ಕು ವರ್ಷ ತಾಳೀತು. ಹಕ್ಕು ಇದೆಯೆಂದು ಬೀಜ ಕಾಯುತ್ತ ಕೂರುವುದಿಲ್ಲ.

ಈ ಕೆಲಸಕ್ಕೆ ಎಕರೆಗಟ್ಟಲೆ ನೆಲ ಬೇಡ. ಅವರೆ, ಹುರುಳಿಕಾಯಿ, ಅಲಸಂದೆಗಳಲ್ಲಿ ಹೆಚ್ಚಾಗಿ ಆಯಾ ಹೂವಿನಲ್ಲೇ ಪರಾಗಸ್ಪರ್ಶ ನಡೆದುಬಿಡುತ್ತದೆ. ಹೊಸಬರು ಅಲ್ಲಿಂದ ಆರಂಭಿಸಬಹುದು. ಟೊಮೆಟೊ ಬೀಜವನ್ನು ತಿರುಳಿನ ಸಮೇತ ಎರಡು ಮೂರು ದಿನ ಹುಳಿಬರಿಸಿ, ಲೋಳೆ ಬಿಟ್ಟ ಮೇಲೆ ತೊಳೆದು ತಟ್ಟೆಯಲ್ಲಿ ಆರಿಸಬೇಕು (ಕಾಗದದ ಮೇಲೆ ಹರಡಿದರೆ ಅಂಟಿಕೊಂಡು ಬಿಡಿಸಲಾಗದು, ನಾನು ಮಾಡಿ ನೋಡಿದ್ದೇನೆ). ಬದನೆ ಗಿಡದಲ್ಲೇ ಹಳದಿಗೆ ತಿರುಗುವವರೆಗೆ ಬಿಡಬೇಕು. ಸೋರೆ, ಸೌತೆ, ಕುಂಬಳಗಳಲ್ಲಿ ಮಾತ್ರ ಎಚ್ಚರ; ಪಕ್ಕದ ಮನೆಯ ಇನ್ನೊಂದು ಬಗೆಯ ಕುಂಬಳದ ಪರಾಗವನ್ನು ಜೇನುನೊಣ ತಂದರೆ ಮುಂದಿನ ವರ್ಷದ ಕಾಯಿಯ ಗುಣ ದೇವರಿಗೇ ಗೊತ್ತು.

ಸರ್ಕಾರ ಮಾಡಬೇಕಾದದ್ದೂ ಹೆಚ್ಚೇನಿಲ್ಲ. ಪೊಟ್ಟಣದ ಮುಂಭಾಗದಲ್ಲಿ, ಕನ್ನಡದಲ್ಲಿ, ‘ಇದರ ಬೀಜ ಹಿಡಿದು ಬಿತ್ತಬಹುದು’ ಅಥವಾ ‘ಬಿತ್ತಿದರೆ ಇದೇ ಗುಣ ಬರುವುದಿಲ್ಲ’ ಎಂಬ ಒಂದು ಸಾಲನ್ನು ಕಡ್ಡಾಯ ಮಾಡಲಿ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದಲ್ಲಿ ಹೂವಿನ ಗೋಪುರಗಳ ನಡುವೆ, ಜನ ತಮ್ಮ ಮನೆಯ ಬೀಜ ತಂದು ಬದಲಾಯಿಸಿಕೊಳ್ಳಲು ಒಂದು ಉದ್ದನೆಯ ಮೇಜು ಹಾಕಿಸಲಿ.

ಕಳೆದ ಯುಗಾದಿಗೆ ಮಾಗಡಿಗೆ ಹೋಗಿದ್ದಾಗ ಸೋದರಮಾವನ ಸೊಸೆಯ ಬಳಿ ಸುಮ್ಮನೆ ಕೇಳಿದೆ. ಅವರು ಒಳಗಿನಿಂದ ಒಂದು ಹಿಡಿ ಕಾಳು ತಂದು ನನ್ನ ಕರವಸ್ತ್ರಕ್ಕೆ ಸುರಿದರು. ‘ನಿಮ್ಮವ್ವ ಒಯ್ದಿದ್ದೂ ಇದೇ ಬೀಜ ಅಂತ ಅತ್ತೆ ಅಂತಿದ್ರು ಭಾವ. ನಾನು ಕಂಡಿಲ್ಲ, ತಗೊಂಡ್ಹೋಗಿ ಹಾಕಿ ನೋಡಿ’ ಎಂದರು. ಆಷಾಢದಲ್ಲಿ ಬಿತ್ತಿದ್ದೇನೆ. ಬಳ್ಳಿ ಈಗ ಮಹಡಿಯ ಕಂಬಿ ಮುಟ್ಟಿದೆ, ಇನ್ನೂ ಒಂದು ಹೂವಿಲ್ಲ. ಪಕ್ಕದ ಮನೆಯವರು ಗೊಬ್ಬರ ಸಾಲದೆಂದು ಹೇಳಿ ಹೋದರು. ನಾನು ಹಗಲು ಕಿರಿದಾಗುವುದನ್ನು ಕಾಯುತ್ತಿದ್ದೇನೆ.