ಅಂತರ್ಜಾಲದ ಸಣ್ಣ ಪತ್ರಿಕೆಗೆ ಯಾರು ದಿಕ್ಕು?

1964ರಲ್ಲಿ ಧಾರವಾಡದ ಮೂವರು ಯುವ ಲೇಖಕರು, ಚಂದ್ರಶೇಖರ ಪಾಟೀಲ, ಗಿರಡ್ಡಿ ಗೋವಿಂದರಾಜ ಮತ್ತು ಸಿದ್ಧಲಿಂಗ ಪಟ್ಟಣಶೆಟ್ಟಿ, ‘ಸಂಕ್ರಮಣ’ ಪತ್ರಿಕೆ ಆರಂಭಿಸಿದರು. ಅದೇ ವರ್ಷ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಅವಲಾನ್ ಹಿಲ್ ಎಂಬ ಕಂಪನಿ ‘ದಿ ಜನರಲ್’ ಎಂಬ ಪತ್ರಿಕೆ ಹೊರತಂದಿತು. ಮೇಜಿನ ಮೇಲೆ ನಕ್ಷೆ ಹರವಿ, ಕಾಯಿ ನಡೆಸಿ, ದಾಳ ಉರುಳಿಸಿ ಆಡುವ ಯುದ್ಧದಾಟಗಳಿಗೇ ಮೀಸಲಾದ ಪತ್ರಿಕೆ ಅದು. ಒಂದು ನವ್ಯ ಕಾವ್ಯದ ಜಗಳಗಳಲ್ಲಿ ಬೆಳೆಯಿತು, ಇನ್ನೊಂದು ಆಟದ ನಿಯಮಗಳ ಚರ್ಚೆಯಲ್ಲಿ. ಆದರೂ ಎರಡರ ಹುಟ್ಟುಗುಣ ಒಂದೇ: ಓದುಗರು ಕೆಲವರು, ಆದರೆ ಆ ಕೆಲವರಿಗೆ ಅದಿಲ್ಲದೆ ನಡೆಯದು. ಓದುಗನೇ ನಾಳೆಯ ಲೇಖಕ. ಲೇಖನಕ್ಕಿಂತ ಅದಕ್ಕೆ ಬಂದ ಉತ್ತರವೇ ಹೆಚ್ಚು ಬಿಸಿ.

ಇಂಥ ಪತ್ರಿಕೆಗಳು ಒಂದು ದಿನ ನಿಲ್ಲುತ್ತವೆ. ‘ದಿ ಜನರಲ್’ 1998ರಲ್ಲಿ ನಿಂತಿತು. ಸಣ್ಣ ಪತ್ರಿಕೆ ನಿಲ್ಲುವುದು ದುಃಖದ ಸಂಗತಿ, ಆದರೆ ಅಸಹಜವಲ್ಲ. ನಿಂತ ಪತ್ರಿಕೆ ಇತ್ತೆಂಬ ಗುರುತೇ ಅಳಿಸಿಹೋಗುವುದು ಮಾತ್ರ ನಾವು ತಡೆಯಬಹುದಾದ ನಷ್ಟ. ಅಂತರ್ಜಾಲದಲ್ಲೇ ಹುಟ್ಟಿ ಅಂತರ್ಜಾಲದಲ್ಲೇ ಬದುಕುವ ಪತ್ರಿಕೆಗಳಿಗೆ ಆ ಅಪಾಯ ಇಂದು ತೀರ ಹತ್ತಿರ ಬಂದಿದೆ. ಅವುಗಳನ್ನು ಉಳಿಸುವ ಏರ್ಪಾಟು ಅವು ಬದುಕಿರುವಾಗಲೇ ಆಗಬೇಕು ಎಂಬುದು ಈ ಲೇಖನದ ವಾದ. ಆ ಏರ್ಪಾಟು ಮಾಡಲು ಧಾರವಾಡಕ್ಕಿಂತ ತಕ್ಕ ಊರು ಕರ್ನಾಟಕದಲ್ಲಿ ಬೇರೆ ಇಲ್ಲ ಎಂಬುದೂ ಅದರ ಜೊತೆಗೇ ಬರುವ ಮಾತು.

ಕಾಗದದ ಆಯುಷ್ಯ, ತೆರೆಯ ಆಯುಷ್ಯ

ಮೇಜಿನಾಟದ ಪತ್ರಿಕೆಗಳ ಕತೆಯಲ್ಲಿ ನಮಗೊಂದು ಎಚ್ಚರಿಕೆ ಇದೆ. 1976ರಲ್ಲಿ ಆರಂಭವಾದ ‘ಡ್ರ್ಯಾಗನ್’ ಮೂರು ದಶಕ ಅಚ್ಚಾಗಿ, 2007ರಲ್ಲಿ ಮುದ್ರಣ ನಿಲ್ಲಿಸಿ ಅಂತರ್ಜಾಲಕ್ಕೆ ಹೋಯಿತು. 2013ರಲ್ಲಿ ಅಲ್ಲಿಯೂ ನಿಂತಿತು. ‘ಪಿರಮಿಡ್’ ಎಂಬ ಇನ್ನೊಂದು ಪತ್ರಿಕೆ 1993ರಲ್ಲಿ ಮುದ್ರಣದಲ್ಲಿ ಹುಟ್ಟಿ, 1998ರಲ್ಲಿ ಅಂತರ್ಜಾಲ ವಾರಪತ್ರಿಕೆಯಾಗಿ, 2008ರಲ್ಲಿ ಪಿಡಿಎಫ್ ಮಾಸಿಕವಾಗಿ, 2018ರ ಕೊನೆಗೆ ಮುಗಿಯಿತು. ಅಚ್ಚಾದ ಸಂಚಿಕೆ ಓದುಗರ ಕಪಾಟಿನಲ್ಲಿ, ಹಳೆಯ ಪುಸ್ತಕದಂಗಡಿಯಲ್ಲಿ ಎಲ್ಲಾದರೂ ಸಿಕ್ಕೀತು. ತೆರೆಯ ಮೇಲಷ್ಟೇ ಇದ್ದ ಬರಹದ ಆಯುಷ್ಯ ಮಾತ್ರ ಅದನ್ನಿಟ್ಟುಕೊಂಡ ಸರ್ವರಿನ ಮಾಲೀಕರ ಇಚ್ಛೆಗೆ ಕಟ್ಟುಬಿದ್ದಿರುತ್ತದೆ.

ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಅಂಕಿಗಳಲ್ಲಿ ಹೇಳಿತು. 2013ರಲ್ಲಿದ್ದ ಜಾಲಪುಟಗಳಲ್ಲಿ ಶೇ 38ರಷ್ಟು ಹತ್ತು ವರ್ಷಗಳ ನಂತರ ಸಿಗುತ್ತಿರಲಿಲ್ಲ. 2009ರಲ್ಲಿ ಯಾಹೂ ತನ್ನ ‘ಜಿಯೋಸಿಟೀಸ್’ ಸೇವೆಯನ್ನು ಮುಚ್ಚಿದಾಗ ಲಕ್ಷಾಂತರ ಜನರ ಪುಟಗಳು ಒಮ್ಮೆಲೇ ಇಲ್ಲವಾಗುವುದರಲ್ಲಿದ್ದವು. ಸ್ವಯಂಸೇವಕರು ಹಗಲಿರುಳು ನಕಲಿಸಿಕೊಂಡದ್ದರಿಂದ ಒಂದಷ್ಟು ಉಳಿಯಿತು.

ಕನ್ನಡದ ಕಡೆ ನೋಡೋಣ. ಕನ್ನಡದ ಮೊದಲ ಅಂತರ್ಜಾಲ ಪತ್ರಿಕೆ ಎಂದು ಗುರುತಿಸಲಾಗುವ ‘ವಿಶ್ವಕನ್ನಡ’ವನ್ನು ಡಾ. ಯು.ಬಿ. ಪವನಜ 1996ರಲ್ಲಿ ಆರಂಭಿಸಿದರು. 2005ರಲ್ಲಿ ಹರಿಪ್ರಸಾದ್ ನಾಡಿಗ್ ಅವರ ‘ಸಂಪದ’ ಬಂತು. ಅಬ್ದುಲ್ ರಶೀದ್ ಅವರ ‘ಕೆಂಡಸಂಪಿಗೆ’, ಜಿ.ಎನ್. ಮೋಹನ್ ಅವರ ‘ಅವಧಿ’ ಕನ್ನಡ ಗದ್ಯಕ್ಕೆ ಹೊಸ ಲೇಖಕರ ಒಂದು ತಲೆಮಾರನ್ನೇ ಕೊಟ್ಟವು. ಇವು ಸಾಹಿತ್ಯದವು. ವಿಜ್ಞಾನ, ಸಿನಿಮಾ, ಹಕ್ಕಿ ವೀಕ್ಷಣೆ, ಚದುರಂಗ, ಕೃಷಿ ಹೀಗೆ ಒಂದೊಂದೇ ವಿಷಯ ಹಿಡಿದು ಹುಟ್ಟುವ ಸಣ್ಣ ಪತ್ರಿಕೆಗಳ ಪಾಡು ಇನ್ನೂ ನಾಜೂಕು. ಅವುಗಳ ಹಿಂದೆ ಸಾಮಾನ್ಯವಾಗಿ ಸಂಸ್ಥೆ ಇರುವುದಿಲ್ಲ, ಸಂಬಳದ ಕೆಲಸ ಮುಗಿಸಿ ರಾತ್ರಿ ಕೂತು ಬರಹ ತಿದ್ದುವ ಒಬ್ಬಿಬ್ಬರು ಇರುತ್ತಾರೆ. ಡೊಮೇನ್ ಅವರ ಹೆಸರಲ್ಲಿ, ನವೀಕರಣದ ಹಣ ಅವರ ಜೇಬಿನಿಂದ, ಪಾಸ್‌ವರ್ಡ್ ಅವರ ನೆನಪಿನಲ್ಲಿ. ಅವರಿಗೆ ಕಾಯಿಲೆಯಾದರೆ, ಕೆಲಸ ಬದಲಾದರೆ ಪತ್ರಿಕೆಯ ಹತ್ತು ವರ್ಷದ ದುಡಿಮೆ ಒಂದು ಬಾಕಿ ಬಿಲ್ಲಿನಲ್ಲಿ ಮುಗಿದುಹೋಗಬಹುದು.

ಮನೆ ಉಳಿದರೂ ಆಟ ಉಳಿಯದು

ಕಡತವನ್ನು ಎಲ್ಲೋ ಒಂದು ಕಡೆ ನಕಲಿಸಿಟ್ಟರೆ ಸಾಕು ಎಂದುಕೊಳ್ಳುವವರು ನಮ್ಮ ನಾಡಿನ ಆಟಗಳ ಇತಿಹಾಸ ನೋಡಬೇಕು. ಹಂಪಿಯ ಮಂಟಪಗಳ ನೆಲಹಾಸುಗಲ್ಲಿನ ಮೇಲೆ ಕೊರೆದ ಆಟದ ಮನೆಗಳು ಇಂದಿಗೂ ಕಾಣುತ್ತವೆ. ಕೆಲವನ್ನು ನೋಡಿದ ಕೂಡಲೇ ಹುಲಿ-ಕುರಿ ಎಂದೋ ಚೌಕಾಬಾರಾ ಎಂದೋ ಗುರುತು ಹಿಡಿಯಬಹುದು, ಏಕೆಂದರೆ ಅವುಗಳನ್ನು ಆಡುವವರು ಇನ್ನೂ ಇದ್ದಾರೆ. ಆಡುವವರೂ ಇಲ್ಲದ, ಬರೆದಿಟ್ಟವರೂ ಇಲ್ಲದ ಆಟದ ಮನೆ ಬರೀ ಗೀರುಗಳಾಗಿ ಉಳಿಯುತ್ತದೆ. ಕಲ್ಲು ಉಳಿಯುತ್ತದೆ, ಎಷ್ಟು ಕಾಯಿ, ಯಾವ ದಿಕ್ಕಿಗೆ ನಡೆ, ಯಾವಾಗ ಹೊಡೆತ ಎಂಬುದು ಉಳಿಯುವುದಿಲ್ಲ.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಈ ಮಾತನ್ನು ಅರಿತಿದ್ದರು. ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗದಲ್ಲಿ ಅವರು ಆಟಗಳನ್ನು ಚಿತ್ರ ಮತ್ತು ವಿವರಣೆಗಳೊಂದಿಗೆ ದಾಖಲಿಸಿದರು. ಇತ್ತೀಚಿನ ವರ್ಷಗಳಲ್ಲಿ ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಪ್ರದರ್ಶನಗಳ ಮೂಲಕ ಪಗಡೆ, ಅಳಗುಳಿಮಣೆಗಳನ್ನು ಮತ್ತೆ ಜನರ ಕೈಗೆ ತಂದಿತು. ಆಟ ಉಳಿಯಲು ಮಣೆಯ ಜೊತೆ ನಿಯಮ ಬೇಕು, ನಿಯಮದ ಜೊತೆ ಆಡುವವರು ಬೇಕು.

ಡಿಜಿಟಲ್ ಪತ್ರಿಕೆಗೂ ಇದೇ ಸೂತ್ರ ಅನ್ವಯಿಸುತ್ತದೆ, ಕನ್ನಡಕ್ಕಂತೂ ಇನ್ನೂ ಬಲವಾಗಿ. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೆ ಸಾಮಾನ್ಯ ಕಂಪ್ಯೂಟರುಗಳಲ್ಲಿ ಅದು ಬಳಕೆಗೆ ಬರಲು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು. ಅಲ್ಲಿಯವರೆಗೆ ಕನ್ನಡದ ಅಕ್ಷರ ಚಿತ್ರಗಳನ್ನು ರೋಮನ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕೂರಿಸಿದ ಫಾಂಟ್‌ಗಳೇ ಗತಿ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳ ಸಾಲು ಕಾಣುತ್ತದೆ. ಹುಡುಕಾಟಕ್ಕೆ ಅದು ಸಿಗುವುದಿಲ್ಲ. ಇದು ಹಳೆಯ ಕಾಲದ ತೊಂದರೆಯಷ್ಟೇ ಅಲ್ಲ. ನಮ್ಮ ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ ಎಷ್ಟೋ ಪುಟಗಳು ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲೇ ಕೂಡುತ್ತವೆ. ಅವುಗಳಿಂದ ತೆಗೆದ ಪಿಡಿಎಫ್ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅಲ್ಲ. ‘ಸಂಚಯ’ದಂಥ ತಂಡಗಳು ಪರಿವರ್ತಕಗಳನ್ನು ಉಚಿತವಾಗಿ ಕೊಟ್ಟಿವೆ. ಅವನ್ನು ಬಳಸಿ ಹಳೆಯ ಸಂಚಿಕೆಗಳನ್ನು ಯುನಿಕೋಡ್‌ಗೆ ತಂದು, ಒಮ್ಮೆ ಕೂತು ಕರಡು ತಿದ್ದುವ ಕೈಗಳು ಬೇಕು.

ಕಾನೂನಿನ ಕುರುಡುಚುಕ್ಕೆ

ಹತ್ತೊಂಬತ್ತನೇ ಶತಮಾನದ ಕನ್ನಡ ಪುಸ್ತಕಗಳ ಬಗ್ಗೆ ನಮಗಿಂದು ಇಷ್ಟು ತಿಳಿದಿರಲು ಒಂದು ಕಾರಣ 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯ್ದೆ. ಆಳುವವರ ಉದ್ದೇಶ ನಿಗಾ ಇಡುವುದಿದ್ದೀತು. ಆದರೂ ಅಚ್ಚಾದ ಪುಸ್ತಕದ ಪ್ರತಿಯನ್ನು ಮುದ್ರಕ ಸರ್ಕಾರಕ್ಕೆ ಒಪ್ಪಿಸಬೇಕಿತ್ತು ಮತ್ತು ಮೂರು ತಿಂಗಳಿಗೊಮ್ಮೆ ಪುಸ್ತಕಗಳ ಪಟ್ಟಿ ಪ್ರಕಟವಾಗುತ್ತಿತ್ತು. ಅಂದಿನ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡದ ಮುದ್ರಣಗಳೂ ಆ ಪಟ್ಟಿಯ ಲೆಕ್ಕಕ್ಕೆ ಬಂದವು. ಸ್ವತಂತ್ರ ಭಾರತ 1954ರ ಕಾಯ್ದೆಯ ಮೂಲಕ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ ಹಾಗೂ ಇತರ ಸಾರ್ವಜನಿಕ ಗ್ರಂಥಾಲಯಗಳಿಗೆ ಪುಸ್ತಕದ ಪ್ರತಿ ಕಳಿಸುವುದನ್ನು ಕಡ್ಡಾಯ ಮಾಡಿತು. 1956ರ ತಿದ್ದುಪಡಿಯಲ್ಲಿ ಪತ್ರಿಕೆಗಳೂ ಸೇರಿದವು.

ತೆರೆಯ ಮೇಲಷ್ಟೇ ಪ್ರಕಟವಾಗುವ ಪತ್ರಿಕೆಗೆ ಈ ಕಾನೂನಿನಲ್ಲಿ ಜಾಗವಿಲ್ಲ. 2012ರಲ್ಲಿ ಹಕ್ಕುಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಬಂದಾಗ ಸಾರ್ವಜನಿಕ ಗ್ರಂಥಾಲಯಗಳಿಗೆ ಸಂರಕ್ಷಣೆಗಾಗಿ ಡಿಜಿಟಲ್ ಪ್ರತಿ ಇಟ್ಟುಕೊಳ್ಳುವ ಅವಕಾಶ ಸಿಕ್ಕಿತು. ಆದರೆ ಒಂದು ಷರತ್ತಿನೊಂದಿಗೆ: ಆ ಕೃತಿಯ ಡಿಜಿಟಲ್ ಅಲ್ಲದ ಪ್ರತಿ ಗ್ರಂಥಾಲಯದಲ್ಲಿ ಮೊದಲೇ ಇರಬೇಕು. ಕಾಗದದ ಮೇಲೆ ಎಂದೂ ಬಾರದ ಪತ್ರಿಕೆಗೆ ಈ ರಕ್ಷಣೆ ಸಿಗುವುದಾದರೂ ಹೇಗೆ? ಬ್ರಿಟನ್ 2013ರಲ್ಲೇ ಗ್ರಂಥಾಲಯಗಳಿಗೆ ಪ್ರತಿ ಒಪ್ಪಿಸುವ ತನ್ನ ಠೇವಣಿ ನಿಯಮಗಳನ್ನು ಅಂತರ್ಜಾಲ ಪ್ರಕಟಣೆಗಳಿಗೂ ವಿಸ್ತರಿಸಿತು. ನ್ಯೂಜಿಲೆಂಡ್ ಅದಕ್ಕೂ ಮುಂಚೆ 2003ರ ಕಾಯ್ದೆಯಲ್ಲಿ ಆ ದಾರಿ ತೆರೆದಿತ್ತು. ನಾವಿನ್ನೂ ಅಚ್ಚುಮೊಳೆಯ ಕಾಲದ ಕಾನೂನಿನಲ್ಲೇ ಇದ್ದೇವೆ.

ಹಕ್ಕುಸ್ವಾಮ್ಯದ ಗಂಟು ಇನ್ನೊಂದಿದೆ. ಭಾರತದಲ್ಲಿ ಲೇಖಕ ತೀರಿಕೊಂಡ ನಂತರ 60 ವರ್ಷ ಹಕ್ಕು ವಾರಸುದಾರರದ್ದು. ಗಿರಡ್ಡಿ ಗೋವಿಂದರಾಜರು 2018ರಲ್ಲಿ ತೀರಿಕೊಂಡರು. ಅಂದರೆ 1964ರಲ್ಲಿ ಅವರು ಬರೆದ ಲೇಖನವೂ 2078ರ ಕೊನೆಯವರೆಗೆ ಹಕ್ಕಿನೊಳಗೇ ಇರುತ್ತದೆ. ಸಣ್ಣ ಪತ್ರಿಕೆಯಲ್ಲಿ ನೂರಾರು ಲೇಖಕರು ಬರೆದಿರುತ್ತಾರೆ, ಬಹುಪಾಲು ಯಾವ ಕರಾರೂ ಇಲ್ಲದೆ. ಸಂಪಾದಕರು ಇಲ್ಲವಾದ ಮೇಲೆ ಅಷ್ಟು ಜನರ ಮನೆ ಹುಡುಕಿ ಒಪ್ಪಿಗೆ ಪಡೆಯುವುದು ಆಗದ ಕೆಲಸ. ‘ಡ್ರ್ಯಾಗನ್’ ಪತ್ರಿಕೆಯ ಮೊದಲ 250 ಸಂಚಿಕೆಗಳನ್ನು 1999ರಲ್ಲಿ ಸಿ.ಡಿ.ಗೆ ತಂದಾಗ, ಹೊರಗಿನ ಲೇಖಕರ ಕೃತಿಗಳನ್ನು ಮತ್ತೆ ಬಳಸುವ ಹಕ್ಕು ಪ್ರಕಾಶಕರಿಗಿತ್ತೇ ಎಂಬ ತಕರಾರು ಎದ್ದಿತ್ತು. ದೊಡ್ಡ ಕಂಪನಿಗೇ ಆದ ಪೇಚು ಒಬ್ಬ ಸಂಪಾದಕರ ಮಕ್ಕಳಿಗೆ ಆಗದಿದ್ದೀತೇ?

ಎಲ್ಲವನ್ನೂ ಉಳಿಸಬೇಕೆ?

ಉಳಿಸುವಷ್ಟು ಯೋಗ್ಯತೆ ಎಲ್ಲಕ್ಕೂ ಇದೆಯೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಯಾವುದು ಮುಖ್ಯ ಎಂಬುದನ್ನು ಅದರ ಸಮಕಾಲೀನರು ಸರಿಯಾಗಿ ಅಳೆದದ್ದು ಕಡಿಮೆ. ಆಯ್ದ ಬರಹಗಳ ಸಂಕಲನದಲ್ಲಿ ಹೆಸರಾಂತರ ಲೇಖನ ಬರುತ್ತದೆ. ಓದುಗರ ಪತ್ರ, ಸಿಟ್ಟಿನ ಉತ್ತರ, ಜಾಹೀರಾತು, ಆಮೇಲೆ ಬರೆಯುವುದನ್ನೇ ಬಿಟ್ಟ ಹುಡುಗಿಯ ಒಂದೇ ಕತೆ ಬರುವುದಿಲ್ಲ. ಒಂದು ಕಾಲದ ಉಸಿರು ಇರುವುದು ಇವುಗಳಲ್ಲಿಯೇ. ತನ್ನ ಬರಹ ಉಳಿಯುವುದು ಬೇಡ ಎನ್ನುವ ಲೇಖಕರ ಮಾತಿಗೆ ಮನ್ನಣೆ ಇರಲಿ. ಮಿಕ್ಕ ಆಯ್ಕೆಯನ್ನು ಮುಂದಿನವರಿಗೆ ಬಿಡೋಣ.

ಜಾಗದ ಚಿಂತೆ ಬೇಡ. ಯುನಿಕೋಡ್ ಪಠ್ಯವಾಗಿ ಕನ್ನಡದ ಒಂದು ಸಂಕೇತಕ್ಕೆ ಸಾಮಾನ್ಯವಾಗಿ ಮೂರು ಬೈಟ್ ಸಾಕು. ಹತ್ತು ಸಾವಿರ ಸಂಕೇತಗಳ ಲೇಖನಕ್ಕೆ 30 ಕಿಲೋಬೈಟ್, ಸಾವಿರ ಲೇಖನಕ್ಕೆ 30 ಮೆಗಾಬೈಟ್. ಮೊಬೈಲಿನ ಹತ್ತು ಫೋಟೊ ಹಿಡಿಯುವ ಜಾಗದಲ್ಲಿ ಒಂದು ಪತ್ರಿಕೆಯ ಹತ್ತು ವರ್ಷದ ಪಠ್ಯ ಕೂತುಬಿಡುತ್ತದೆ. ಕೊರತೆ ಇರುವುದು ಹೊಣೆ ಹೊರುವವರದ್ದು.

ಹೊರದೇಶದ ಇಂಟರ್‌ನೆಟ್ ಆರ್ಕೈವ್ ಇದೆಯಲ್ಲ ಎಂಬ ಸಮಾಧಾನವೂ ಸಾಲದು. ಆ ಸಂಸ್ಥೆಯ ಉಪಕಾರ ದೊಡ್ಡದು. ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಯೋಜನೆಯಡಿ ಸ್ಕ್ಯಾನ್ ಆದ ಕನ್ನಡ ಪುಸ್ತಕಗಳನ್ನು ಇಂದು ನಾವು ಓದುತ್ತಿರುವುದು ಅಲ್ಲಿಯೇ. ಆದರೆ 2017ರ ಆಗಸ್ಟ್‌ನಲ್ಲಿ ನ್ಯಾಯಾಲಯದ ಆದೇಶವೊಂದರಿಂದ ಭಾರತದಲ್ಲಿ ಅದು ಕೆಲ ದಿನ ತೆರೆಯಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಸೈಬರ್ ದಾಳಿಗೆ ಸಿಕ್ಕಿ ಮತ್ತೆ ಸ್ಥಗಿತಗೊಂಡಿತು. ಒಂದೇ ಕಡೆ ಇಟ್ಟದ್ದು ಎಷ್ಟು ದೊಡ್ಡ ಕಡೆ ಇದ್ದರೂ ಒಂದೇ ಪ್ರತಿ.

ಧಾರವಾಡ ಏನು ಮಾಡಬಹುದು

ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1890ರಲ್ಲಿ. ಆರೇ ವರ್ಷದಲ್ಲಿ ಅದು ‘ವಾಗ್ಭೂಷಣ’ ಪತ್ರಿಕೆ ಹೊರಡಿಸಿತು. ಆಲೂರು ವೆಂಕಟರಾಯರ ‘ಜಯಕರ್ನಾಟಕ’, 1933ರಿಂದ ಜಿ.ಬಿ. ಜೋಶಿಯವರು ಕಟ್ಟಿದ ಮನೋಹರ ಗ್ರಂಥಮಾಲೆ ಇಲ್ಲಿಯವು. ಪಕ್ಕದ ಹುಬ್ಬಳ್ಳಿ 1956ರಲ್ಲಿ ‘ಕಸ್ತೂರಿ’ ಕೊಟ್ಟಿತು. 1939ರಲ್ಲಿ ಶುರುವಾದ ಕನ್ನಡ ಸಂಶೋಧನ ಸಂಸ್ಥೆ ಶಾಸನ, ತಾಳೆಗರಿಗಳನ್ನು ಜೋಪಾನ ಮಾಡಿದ್ದೂ ಇಲ್ಲಿ. ಕರ್ನಾಟಕ ವಿಶ್ವವಿದ್ಯಾಲಯದ ಗ್ರಂಥಾಲಯ ಇಲ್ಲಿದೆ. ಐಐಟಿ, ಐಐಐಟಿಗಳು ಬಂದು ಕೂತಿವೆ. ಪತ್ರಿಕೆ ಬಲ್ಲವರು, ಕಾಪಿಡಲು ಬಲ್ಲವರು, ಯಂತ್ರ ಬಲ್ಲವರು ಒಂದೇ ಊರಿನಲ್ಲಿದ್ದಾರೆ. ಅವರನ್ನು ಒಂದು ಮೇಜಿಗೆ ಕರೆಯುವ ಕೆಲಸ ಬಾಕಿ ಇದೆ.

ಮೊದಲ ಹೆಜ್ಜೆಗೆ ಹೊಸ ಕಾನೂನು ಬೇಡ, ಸ್ವಪ್ರೇರಿತ ಠೇವಣಿ ಸಾಕು. ಪತ್ರಿಕೆ ವರ್ಷಕ್ಕೊಮ್ಮೆ ತನ್ನ ಸಂಚಿಕೆಗಳನ್ನು ಯುನಿಕೋಡ್ ಪಠ್ಯ ಮತ್ತು ಪಿಡಿಎಫ್ ಎರಡೂ ರೂಪದಲ್ಲಿ ಒಪ್ಪಿಸಲಿ. ಒಂದು ಪ್ರತಿ ವಿಶ್ವವಿದ್ಯಾಲಯದಲ್ಲಿ, ಇನ್ನೊಂದು ವಿದ್ಯಾವರ್ಧಕ ಸಂಘದಲ್ಲಿ, ಮೂರನೆಯದು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಇರಲಿ. ಲೇಖನ ಸ್ವೀಕರಿಸುವಾಗಲೇ ಸಂರಕ್ಷಣೆಗೆ, ಸಾರ್ವಜನಿಕ ಓದಿಗೆ ಲೇಖಕರ ಒಪ್ಪಿಗೆಯನ್ನು ನಾಲ್ಕು ಸಾಲಿನಲ್ಲಿ ಬರೆಸಿಕೊಳ್ಳಲಿ. ಡೊಮೇನ್ ಮತ್ತು ಪಾಸ್‌ವರ್ಡ್ ಎರಡನೆಯ ನಂಬಿಕಸ್ಥರೊಬ್ಬರ ಬಳಿಯೂ ಇರಲಿ. ಅಂತರ್ಜಾಲ ಪತ್ರಿಕೆಗೂ ದೆಹಲಿಯ ಐಎಸ್‌ಎಸ್‌ಎನ್ ಕೇಂದ್ರ ಶುಲ್ಕವಿಲ್ಲದೆ ಕ್ರಮಸಂಖ್ಯೆ ಕೊಡುತ್ತದೆ. ಅದನ್ನು ಪಡೆದರೆ ಮುಂದೆ ಹುಡುಕುವವರಿಗೆ ಒಂದು ಶಾಶ್ವತ ಗುರುತು ಸಿಗುತ್ತದೆ.

ಸರ್ಕಾರದ ಪಾಲು ಇದರ ನಂತರದ್ದು, ಆದರೆ ತಪ್ಪಿಸಿಕೊಳ್ಳುವಂಥದ್ದಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಚೌಕಟ್ಟಿನಲ್ಲಿ ಡಿಜಿಟಲ್ ಠೇವಣಿಗೆ ಅವಕಾಶ ಮಾಡಬೇಕು. ಗ್ರಂಥಾಲಯಗಳಿಗಾಗಿ ಪುಸ್ತಕಗಳ ಸಗಟು ಖರೀದಿಗೆ ಇಡುವ ಹಣದ ಒಂದು ಸಣ್ಣ ಪಾಲನ್ನು ಅಂತರ್ಜಾಲ ಪತ್ರಿಕೆಗಳ ಚಂದಾ ಮತ್ತು ಸಂರಕ್ಷಣೆಗೆ ಮೀಸಲಿಡಬೇಕು. ಹಕ್ಕುಸ್ವಾಮ್ಯ ಕಾಯ್ದೆಯ ಆ ಷರತ್ತನ್ನು ಸಡಿಲಿಸುವಂತೆ ನಮ್ಮ ಸಂಸದರು ಕೇಂದ್ರವನ್ನು ಒತ್ತಾಯಿಸಬೇಕು.

‘ಸಂಕ್ರಮಣ’ದ ಚಂದ್ರಶೇಖರ ಪಾಟೀಲ, ಅಂದರೆ ಚಂಪಾ, 2022ರಲ್ಲಿ ನಮ್ಮನ್ನು ಅಗಲಿದರು. ಪತ್ರಿಕೆಯನ್ನು ದಶಕಗಳ ಕಾಲ ಹೊತ್ತವರು ಹೋದ ಮೇಲೆ ಕೇಳಬೇಕೆನಿಸುವ ಪ್ರಶ್ನೆಗಳಿಗೆ ಉತ್ತರ ಹೇಳುವವರಿರುವುದಿಲ್ಲ. ಕನ್ನಡದ ಅಂತರ್ಜಾಲ ಪತ್ರಿಕೆಗಳ ಮೊದಲ ತಲೆಮಾರಿನ ಅನೇಕ ಸಂಪಾದಕರು ಇಂದು ನಮ್ಮೊಡನಿದ್ದಾರೆ. ಯಾವ ಕಡತ ಎಲ್ಲಿದೆ, ಯಾವ ಲೇಖಕರಿಗೆ ಏನು ಮಾತು ಕೊಟ್ಟಿದ್ದೆವು ಎಂಬುದು ಅವರಿಗೆ ಗೊತ್ತಿದೆ. ವಿದ್ಯಾವರ್ಧಕ ಸಂಘ ಅವರನ್ನು ಈ ವರ್ಷವೇ ಧಾರವಾಡಕ್ಕೆ ಕರೆಯಲಿ, ವಿಶ್ವವಿದ್ಯಾಲಯ ಮೊದಲ ಠೇವಣಿಯನ್ನು ಸ್ವೀಕರಿಸಲಿ.