ಉಪಕಾರ ಬೇರೆ, ಲೆಕ್ಕ ಬೇರೆ

ಕಳೆದ ತಿಂಗಳು ಊಟದ ಬಿಡುವಿನಲ್ಲಿ ನಮ್ಮ ಗೆಳೆಯರ ನಡುವೆ ಜೋರು ವಾದ ನಡೆಯಿತು. ಎರಡನೇ ಮಹಾಯುದ್ಧದ ಅಮೆರಿಕನ್ ಬಾಂಬರ್ ವಿಮಾನಗಳ ಕಥೆ ಹೇಳುವ ‘ಮಾಸ್ಟರ್ಸ್ ಆಫ್ ದಿ ಏರ್’ ಸರಣಿಯನ್ನು ನಾವು ಮೂವರೂ ನೋಡಿದ್ದೆವು. ಒಬ್ಬ, “ಅವರೇ ನಿಜವಾದ ಹೀರೋಗಳು” ಎಂದ. ಇನ್ನೊಬ್ಬ, “ಊರಿನ ಮೇಲೆ ಬಾಂಬ್ ಹಾಕಿದವರು ಹೀರೋ ಹೇಗಾಗ್ತಾರೆ?” ಎಂದ. ನನ್ನನ್ನು ಕೇಳಿದಾಗ, “ನೀವಿಬ್ಬರೂ ಹೇಳೋದು ಸರಿ” ಎಂದು ತಪ್ಪಿಸಿಕೊಂಡೆ. ಇಬ್ಬರೂ ನಕ್ಕರು. ಆಮೇಲೆ ಆ ತುಕಡಿಯ ಬಗ್ಗೆ ಓದಿದೆ. ಈಗಲೂ ನನ್ನ ಉತ್ತರ ಅದೇ. ಆದರೆ ಅದು ತಪ್ಪಿಸಿಕೊಳ್ಳುವ ಉತ್ತರವಲ್ಲ ಎಂದು ಹೇಳಲು ಇದನ್ನು ಬರೆಯುತ್ತಿದ್ದೇನೆ.

ಆ ತುಕಡಿಯ ಹೆಸರು 100ನೇ ಬಾಂಬ್ ಗ್ರೂಪ್. 1943ರ ಜೂನ್‌ನಲ್ಲಿ ಅದು ಇಂಗ್ಲೆಂಡಿನ ಥಾರ್ಪ್ ಆಬಟ್ಸ್ ಎಂಬ ಹಳ್ಳಿಯ ಬಳಿ ಬೀಡುಬಿಟ್ಟಿತು. ಅವರದು ನಾಲ್ಕು ಎಂಜಿನ್‌ಗಳ ಬಿ-17 ವಿಮಾನ. ಒಂದೊಂದರಲ್ಲಿ ಹತ್ತು ಜನ, ಹೆಚ್ಚಿನವರು ಇಪ್ಪತ್ತರ ಆಸುಪಾಸಿನ ಹುಡುಗರು. ಅಂದರೆ ನಮಗಿಂತ ಮೂರ್ನಾಲ್ಕು ವರ್ಷ ದೊಡ್ಡವರು, ಅಷ್ಟೇ. ಮೈ ಹೆಪ್ಪುಗಟ್ಟುವ ಎತ್ತರದಲ್ಲಿ, ಮುಖಕ್ಕೆ ಆಮ್ಲಜನಕದ ಮುಖವಾಡ ಹಾಕಿಕೊಂಡು, ಹಗಲು ಹೊತ್ತಿನಲ್ಲೇ ಜರ್ಮನಿಯ ಮೇಲೆ ಹೋಗಬೇಕಿತ್ತು. ಆರಂಭದಲ್ಲಿ 25 ದಾಳಿ ಮುಗಿಸಿದವರಿಗೆ ಮನೆಗೆ ಹೋಗಲು ಅವಕಾಶವಿತ್ತು. ಆದರೆ ಅಷ್ಟು ದಿನ ಬದುಕಿ ಉಳಿದವರು ಕಡಿಮೆ.

1943ರ ಆಗಸ್ಟ್ 17ರಂದು ರೇಗನ್ಸ್‌ಬರ್ಗ್‌ನ ಯುದ್ಧವಿಮಾನ ಕಾರ್ಖಾನೆಯ ಮೇಲಿನ ದಾಳಿಯಲ್ಲಿ ಈ ಗುಂಪು 9 ವಿಮಾನಗಳನ್ನು ಕಳೆದುಕೊಂಡಿತು. 1944ರ ಮಾರ್ಚ್ 6ರಂದು ಬರ್ಲಿನ್ ದಾಳಿಯಲ್ಲಿ 15. ಇಡೀ ಯುದ್ಧದಲ್ಲಿ ಇದರ 700ಕ್ಕೂ ಹೆಚ್ಚು ಜನ ಸತ್ತರು, 900ಕ್ಕೂ ಹೆಚ್ಚು ಜನ ಸೆರೆಯಾದರು. ಜನ ಇದನ್ನು ‘ಬ್ಲಡಿ ಹಂಡ್ರೆಡ್ತ್’, ಅಂದರೆ ರಕ್ತದಲ್ಲಿ ಮಿಂದ ನೂರನೆಯದು ಎಂದು ಕರೆದರು.

ನನ್ನನ್ನು ಹೆಚ್ಚು ಕಾಡಿದ್ದು 1943ರ ಅಕ್ಟೋಬರ್ 10, ಭಾನುವಾರ. ಗುರಿ ಜರ್ಮನಿಯ ಮ್ಯೂನ್‌ಸ್ಟರ್ ನಗರ. ಗುರಿಯತ್ತ ಸಾಗಿದ ಈ ಗುಂಪಿನ 13 ವಿಮಾನಗಳಲ್ಲಿ 12 ಮರಳಲಿಲ್ಲ. ರಾಬರ್ಟ್ ರೋಸೆಂತಾಲ್ ಎಂಬ ಪೈಲಟ್‌ನ ವಿಮಾನ ಮಾತ್ರ ಎರಡು ಎಂಜಿನ್ ಕೆಟ್ಟ ಸ್ಥಿತಿಯಲ್ಲಿ ಮನೆ ಸೇರಿತು. ಸರಣಿಯಲ್ಲಿ ಈ ದೃಶ್ಯ ನೋಡಿ ನನ್ನ ಕಣ್ಣು ಒದ್ದೆಯಾಗಿತ್ತು. ಆದರೆ ಆ ದಿನ ಗುರಿಯಿಟ್ಟದ್ದು ಕಾರ್ಖಾನೆಗೆ ಅಲ್ಲ, ಊರಿನ ನಡುಭಾಗಕ್ಕೆ. ಅಲ್ಲಿ ದೊಡ್ಡ ಚರ್ಚ್ ಇತ್ತು, ಸುತ್ತ ಜನರ ಮನೆಗಳಿದ್ದವು. ಭಾನುವಾರದ ಮಧ್ಯಾಹ್ನ ನೂರಾರು ಸಾಮಾನ್ಯ ಜನ ಸತ್ತರು. ಮೇಲೆ ಸತ್ತ ಹುಡುಗರ ಹೆಸರುಗಳನ್ನು ಹುಡುಕಿದರೆ ಸುಲಭವಾಗಿ ಸಿಗುತ್ತವೆ. ಕೆಳಗೆ ಸತ್ತವರ ಒಂದು ಹೆಸರೂ ನನಗೆ ಗೊತ್ತಿಲ್ಲ ಎಂದು ಆಗ ಹೊಳೆಯಿತು.

ಕಾರ್ಖಾನೆಗೇ ಗುರಿಯಿಟ್ಟ ದಿನಗಳಲ್ಲೂ ಎಲ್ಲ ಬಾಂಬ್ ಅಲ್ಲೇ ಬೀಳುತ್ತಿರಲಿಲ್ಲ. ಯುದ್ಧ ಮುಗಿದ ಮೇಲೆ ಅಮೆರಿಕ ಸರ್ಕಾರವೇ ಒಂದು ಸಮೀಕ್ಷೆ ಮಾಡಿಸಿತು. ನಿಖರವಾಗಿ ಹೊಡೆಯಬೇಕೆಂದು ಹಾಕಿದ ಬಾಂಬ್‌ಗಳಲ್ಲಿ ಗುರಿಯಿಂದ 1,000 ಅಡಿಯೊಳಗೆ ಬಿದ್ದದ್ದು 100ಕ್ಕೆ ಸುಮಾರು 20 ಮಾತ್ರ ಎಂದು ಆ ವರದಿ ಹೇಳಿತು. ಕಾಮರ್ಸ್ ಓದುವ ನನಗೆ ತಕ್ಷಣ ಬಂದ ಪ್ರಶ್ನೆ: ಉಳಿದ 80 ಯಾರ ಖಾತೆಗೆ?

ಕಥೆ ಇಲ್ಲಿಗೆ ಮುಗಿಯುವುದಿಲ್ಲ. 1944–45ರ ಚಳಿಗಾಲದಲ್ಲಿ ಜರ್ಮನರ ಹಿಡಿತದಲ್ಲಿದ್ದ ನೆದರ್‌ಲ್ಯಾಂಡ್ಸ್‌ನ ಪಶ್ಚಿಮ ಭಾಗದಲ್ಲಿ ಭೀಕರ ಹಸಿವು. ಸುಮಾರು 20,000 ಜನ ಸತ್ತರು. ಜನ ಟ್ಯೂಲಿಪ್ ಗೆಡ್ಡೆಗಳನ್ನು ಬೇಯಿಸಿ ತಿಂದರು. 1945ರ ಮೇ ಮೊದಲ ವಾರ, ಇದೇ 100ನೇ ಗುಂಪಿನ ವಿಮಾನಗಳು ಬಾಂಬ್ ಇಡುವ ಜಾಗದಲ್ಲಿ ಆಹಾರದ ಪೆಟ್ಟಿಗೆಗಳನ್ನು ತುಂಬಿಕೊಂಡು ಹೋದವು. ಗುಂಡು ಹಾರಿಸುವುದಿಲ್ಲ ಎಂದು ಜರ್ಮನರು ಒಪ್ಪಿದ್ದರು. ವಿಮಾನಗಳು ಮನೆಯ ಮಾಡಿಗೆ ತಾಗುತ್ತವೇನೋ ಎನ್ನುವಷ್ಟು ಕೆಳಗೆ ಹಾರಿ, ಪ್ಯಾರಾಚೂಟ್ ಇಲ್ಲದೆಯೇ ಪೆಟ್ಟಿಗೆಗಳನ್ನು ಬೀಳಿಸಿದವು. ಜನ ಬೀದಿಗೆ ಬಂದು ಬಟ್ಟೆ ಬೀಸಿ ಅತ್ತರು.

ಇದನ್ನು ಹೇಳಿದಾಗ ನನ್ನ ಮೊದಲ ಗೆಳೆಯ, “ನೋಡಿದ್ಯಾ? ಕೊನೆಗೆ ಒಳ್ಳೇದು ಮಾಡಿದ್ರು, ಲೆಕ್ಕ ಸರಿಹೋಯ್ತು” ಎಂದ. ನನ್ನ ತಕರಾರು ಇರುವುದು ಇಲ್ಲೇ.

ನಮ್ಮ ಅಬ್ಬಾಗೆ ಒಂದು ಸಣ್ಣ ಕಿರಾಣಿ ಅಂಗಡಿ ಇದೆ. ಸಂಜೆ ಉದ್ರಿ ಪುಸ್ತಕ ಬರೆಯುವುದು ನನ್ನ ಕೆಲಸ. ಹೋದ ವರ್ಷ ಒಂದು ರಾತ್ರಿ ದಾದಿಗೆ ಉಸಿರಾಟ ಕಷ್ಟವಾದಾಗ ನಮ್ಮ ಬೀದಿಯ ಆಟೋದವರು ನಿದ್ದೆಯಿಂದ ಎದ್ದು ಬಂದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ಮರುದಿನ ನಾನು ಪುಸ್ತಕದಲ್ಲಿ ಅವರ 1,400 ರೂಪಾಯಿ ಉದ್ರಿಯ ಮೇಲೆ ಗೆರೆ ಎಳೆದುಬಿಟ್ಟೆ. ಅಬ್ಬಾ ಮೆಚ್ಚುತ್ತಾರೆ ಅಂದುಕೊಂಡಿದ್ದೆ. ಅವರು ಬೈದರು. “ಮೆಹರ್ಬಾನಿ ಅಲಗ್, ಹಿಸಾಬ್ ಅಲಗ್” ಎಂದರು. ಉಪಕಾರ ಬೇರೆ, ಲೆಕ್ಕ ಬೇರೆ. ಹೀಗೆ ಹೊಡೆದುಹಾಕಿದರೆ ಅವರು ಮಾಡಿದ ಉಪಕಾರ ಬರೀ 1,400 ರೂಪಾಯಿಯ ಬಾಡಿಗೆ ಆಗುತ್ತದೆ ಎಂದು ಬಿಡಿಸಿ ಹೇಳಿದರು. ನಾನು ಆ ಬಾಕಿಯನ್ನು ಮತ್ತೆ ಬರೆದೆ. ಅಬ್ಬಾ ಅವರ ಮನೆಗೆ ಹೋಗಿ ಶುಕ್ರಿಯಾ ಹೇಳಿ ಬಂದರು.

ಯುದ್ಧದ ವಿಷಯದಲ್ಲೂ ನಾವು ನಾನು ಮಾಡಿದ ತಪ್ಪನ್ನೇ ಮಾಡುತ್ತೇವೆ. ಹಸಿದವರಿಗೆ ಆಹಾರ ಕೊಟ್ಟರು, ಆದ್ದರಿಂದ ಮ್ಯೂನ್‌ಸ್ಟರ್ ಮರೆತುಬಿಡಿ ಎನ್ನುತ್ತೇವೆ. ಇಲ್ಲವೇ, ಮ್ಯೂನ್‌ಸ್ಟರ್‌ನಲ್ಲಿ ಜನರನ್ನು ಕೊಂದರು, ಆದ್ದರಿಂದ ಆ ಹುಡುಗರ ಸಾವಿಗೆ ಮರುಗಬೇಡಿ ಎನ್ನುತ್ತೇವೆ. ಎರಡರಲ್ಲೂ ಒಂದು ಸಾಲಿನ ಮೇಲೆ ಗೆರೆ ಬೀಳುತ್ತದೆ. ಅಕೌಂಟೆನ್ಸಿಯಲ್ಲಿ ನಾವು ಓದಿಲ್ಲವೇ? ಒಂದು ತಪ್ಪು ಇನ್ನೊಂದು ತಪ್ಪನ್ನು ಮುಚ್ಚಿದರೆ ಟ್ರಯಲ್ ಬ್ಯಾಲೆನ್ಸ್ ತಾಳೆಯಾಗುತ್ತದೆ, ಆದರೆ ಲೆಕ್ಕಪುಸ್ತಕ ತಪ್ಪಾಗಿಯೇ ಇರುತ್ತದೆ.

“ಹಿಟ್ಲರ್‌ನನ್ನು ತಡೆಯಬೇಕಿತ್ತಲ್ಲ?” ಎಂದು ನೀವು ಕೇಳಬಹುದು. ಖಂಡಿತ ತಡೆಯಬೇಕಿತ್ತು. ರೋಸೆಂತಾಲ್ ಸ್ವತಃ ಯಹೂದಿ. 52 ದಾಳಿಗಳಲ್ಲಿ ಹಾರಿದವರು. ಯುದ್ಧದ ನಂತರ ವಕೀಲರಾಗಿ ನ್ಯೂರೆಂಬರ್ಗ್‌ಗೆ ಹೋಗಿ ನಾಜಿಗಳ ವಿಚಾರಣೆಯಲ್ಲಿ ಕೆಲಸ ಮಾಡಿದರು. ಅವರನ್ನು ನಾನು ಗೌರವಿಸುತ್ತೇನೆ. ಆದರೆ ಯುದ್ಧ ಅನಿವಾರ್ಯವಾಗಿತ್ತು ಎಂಬುದು ಸತ್ತ ಮಕ್ಕಳ ಹೆಸರನ್ನು ಅಳಿಸುವ ರಬ್ಬರ್ ಆಗಬಾರದು.

ಇದು ಎಂಬತ್ತು ವರ್ಷ ಹಿಂದಿನ ಮಾತು ಮಾತ್ರವಲ್ಲ. ಇಂದಿನ ಯುದ್ಧಗಳ ವಿಡಿಯೋಗಳು ದಿನವೂ ನಮ್ಮ ಕ್ಲಾಸ್ ಗುಂಪಿಗೆ ಬರುತ್ತವೆ. ಕ್ರಿಕೆಟ್ ಸ್ಕೋರಿನಂತೆ ಸತ್ತವರನ್ನು ಎಣಿಸುತ್ತೇವೆ. ನಮಗೆ ಬೇಕಾದವರು ಸತ್ತರೆ ಅಳುವ ಚಿತ್ರ, ಬೇಡದವರು ಸತ್ತರೆ ನಗುವ ಚಿತ್ರ. ನಾನೂ ಹಾಕಿದ್ದೇನೆ, ಅದಕ್ಕೆ ನಾಚಿಕೆಯಾಗುತ್ತದೆ.

ಗೆಳೆಯರೇ, ಯಾವ ಪಕ್ಷವನ್ನಾದರೂ ಹಿಡಿಯಿರಿ, ವಾದ ಮಾಡಿ. ಆದರೆ ಸತ್ತವರಲ್ಲಿ ಯಾರ ಸಾಲಿನ ಮೇಲೂ ಗೆರೆ ಎಳೆಯಬೇಡಿ. ನಮ್ಮ ಉದ್ರಿ ಪುಸ್ತಕದಲ್ಲಿ ನಾನು ಅಂದು ಎಳೆದ ಗೆರೆ ಈಗಲೂ ಇದೆ. ಅದರ ಕೆಳಗೇ ಮತ್ತೆ ಬರೆದ 1,400 ಕೂಡ ಇದೆ. ಆಟೋದವರು ಅದನ್ನು ರಂಜಾನ್ ತಿಂಗಳಲ್ಲಿ ತೀರಿಸಿದರು. ಅವರ ಉಪಕಾರ ಮಾತ್ರ ನಮ್ಮ ಮೇಲೆ ಹಾಗೇ ಇದೆ.