ಪ್ರಭುವಿನ ಪಂಕ್ತಿಯಲ್ಲಿ ಹಸಿದು ನಿಂತವರು

ಬೂಕನಕೆರೆಯ ಸೀಮೆಯಲ್ಲಿ ಊಟವೆಂದರೆ ಇಂದಿಗೂ ಮುದ್ದೆಯೇ. ಹೊಲದಲ್ಲಿ ದುಡಿದು ಬಂದವನ ಮುಂದೆ ರಾಗಿಮುದ್ದೆಯನ್ನೂ ಸೊಪ್ಪಿನ ಸಾರನ್ನೂ ಇಟ್ಟರೆ ಅವನಿಗೆ ಮತ್ತೇನೂ ಬೇಡ. ಗೋಧಿ ಇಲ್ಲಿನ ಮುಖ್ಯ ಪೈರಲ್ಲ. ಅಂಗಡಿಯ ಚೀಲದಲ್ಲಿ ಬಂದ ಧಾನ್ಯ. ಇಂತಹ ನಾಡಿನಲ್ಲಿ ಗೋಧಿಯಿಂದಲೇ ಕಾಯಿಲೆ ಬೀಳುವ ಮಗುವೊಂದು ಇದೆಯೆಂದು ಯಾರಾದರೂ ಹೇಳಿದರೆ ನಂಬುವುದು ಕಷ್ಟ. ನಮಗೆ ಹೇಳಿದರು, ನಾವು ನಂಬಲಿಲ್ಲ. ಆ ತಪ್ಪನ್ನು ಒಪ್ಪಿಕೊಂಡೇ ಈ ವಾರದ ಮಾತನ್ನು ಆರಂಭಿಸುತ್ತೇವೆ.

ಕೆಲವು ವರ್ಷಗಳ ಹಿಂದೆ ಪ್ರಥಮ ಪರಮಪ್ರಸಾದಕ್ಕೆ ಮಕ್ಕಳನ್ನು ಸಿದ್ಧಗೊಳಿಸುತ್ತಿದ್ದ ಸಮಯ. ಬೂಕನಕೆರೆಯ ಕಡೆಯಿಂದ ಬಂದ ತಾಯಿಯೊಬ್ಬರು ಧರ್ಮೋಪದೇಶದ ತರಗತಿ ಮುಗಿದ ಮೇಲೆ ನಮ್ಮನ್ನು ಕಂಡರು. "ಸ್ವಾಮಿ, ಇವಳಿಗೆ ಗೋಧಿ ಆಗಲ್ಲ. ಡಾಕ್ಟ್ರು ಒಂದು ಚೂರೂ ಕೊಡಬೇಡಿ ಅಂದವ್ರೆ. ಪರಮಪ್ರಸಾದ ಹೆಂಗೆ ತಗೊಳ್ಳೋದು?" ಎಂದು ಕೇಳಿದರು. ನಾವು ಸಲೀಸಾಗಿ, "ಅದು ಪ್ರಭುವಿನ ದೇಹವಮ್ಮ, ಕೇಡು ಮಾಡೀತೇ? ವಿಶ್ವಾಸವಿಡಿ" ಎಂದುಬಿಟ್ಟೆವು. ಆ ತಾಯಿ ಮರುಮಾತನಾಡಲಿಲ್ಲ. ಮಗುವು ಬಿಳಿಯ ಉಡುಪು ತೊಟ್ಟು ಎಲ್ಲರೊಡನೆ ಪ್ರಸಾದ ಸ್ವೀಕರಿಸಿತು. ಮುಂದಿನ ಭಾನುವಾರಗಳಲ್ಲೂ ಸ್ವೀಕರಿಸಿತು. ಹೊಟ್ಟೆನೋವೂ ಭೇದಿಯೂ ಮರುಕಳಿಸಿ ಮಗು ಶಾಲೆ ತಪ್ಪಿಸುತ್ತಿದೆಯೆಂದು ನಮಗೆ ತಿಳಿದದ್ದು ತಿಂಗಳುಗಳ ನಂತರ, ಅದೂ ನೆರೆಯವರಿಂದ. ತನ್ನ ವಿಶ್ವಾಸವೇ ಸಾಲದೆಂದು ಭಾವಿಸಿ ತಾಯಿ ಬಾಯಿ ಬಿಟ್ಟಿರಲಿಲ್ಲ.

ಗುರುಮಠದಲ್ಲಿ ತತ್ವಶಾಸ್ತ್ರವನ್ನು ಓದಿದ ನಾವು ಹಾಗೆ ಉತ್ತರಿಸಬಾರದಿತ್ತು. ಬಲಿಪೂಜೆಯಲ್ಲಿ ರೊಟ್ಟಿಯ ಸತ್ವವು ಪ್ರಭುವಿನ ದೇಹವಾಗಿ ಮಾರ್ಪಡುತ್ತದೆ. ಆದರೆ ರೊಟ್ಟಿಯ ಬಣ್ಣ, ರುಚಿ, ತೂಕ ಮೊದಲಾದ ಬಾಹ್ಯ ಗುಣಗಳು ಹಾಗೆಯೇ ಉಳಿಯುತ್ತವೆ ಎಂಬುದು ಶ್ರೀಸಭೆಯ ಬೋಧನೆ. ಆ ಗುಣಗಳು ದೇಹವನ್ನು ಪೋಷಿಸಬಲ್ಲವು, ಅತಿಯಾಗಿ ಕುಡಿದರೆ ಅಮಲನ್ನೂ ಏರಿಸಬಲ್ಲವು ಎಂದು ಸಂತ ತೋಮಸ್ ಅಕ್ವಿನಾಸರೇ ಚರ್ಚಿಸಿದ್ದಾರೆ. ಅಮಲೇರಿಸುವ ಗುಣ ಉಳಿಯುವುದಾದರೆ ಕರುಳನ್ನು ನೋಯಿಸುವ ಗುಣ ಉಳಿಯದೇ? ನಾವು ಅಂದು ಆಡಿದ್ದು ವಿಶ್ವಾಸದ ಮಾತಲ್ಲ. ಓದಿದ್ದನ್ನು ಮರೆತವರ ಮಾತು.

ಈ ಕಾಯಿಲೆಗೆ ಸೀಲಿಯಾಕ್ ಎಂದು ಹೆಸರು. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಅಂಟು ಪದಾರ್ಥ ಒಳಹೊಕ್ಕಾಗ ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಸಣ್ಣ ಕರುಳಿನ ಒಳಪದರದ ಮೇಲೆ ದಾಳಿ ಮಾಡುತ್ತದೆ. ಉಂಡದ್ದು ಮೈಗೆ ಹತ್ತುವುದಿಲ್ಲ. ಮಕ್ಕಳು ಬೆಳೆಯುವುದಿಲ್ಲ, ಕಬ್ಬಿಣದ ಮಾತ್ರೆ ನುಂಗಿದರೂ ಕೆಲವರ ರಕ್ತಹೀನತೆ ನೀಗುವುದಿಲ್ಲ, ಮೂಳೆಗಳು ಸವೆಯುತ್ತವೆ. ಇದರ ಮೂಲ ಗೋಧಿಯಲ್ಲಿದೆಯೆಂದು ತೋರಿಸಿಕೊಟ್ಟವರು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. 1944-45ರ ಚಳಿಗಾಲದಲ್ಲಿ ಯುದ್ಧದ ಕ್ಷಾಮದಿಂದ ಬ್ರೆಡ್ಡು ಸಿಗದಂತಾದಾಗ ಊರೆಲ್ಲ ಸೊರಗಿದರೂ ಈ ಮಕ್ಕಳು ಚೇತರಿಸಿಕೊಂಡರು. 1950ರಲ್ಲಿ ಡಿಕೆ ತಮ್ಮ ಪ್ರೌಢಪ್ರಬಂಧವನ್ನು ಮಂಡಿಸಿದರು. ಗ್ಲುಟೆನ್ ಇಲ್ಲದ ಆಹಾರವನ್ನು ಜೀವನಪರ್ಯಂತ ಪಾಲಿಸುವುದೇ ಇಂದಿಗೂ ಇದರ ಚಿಕಿತ್ಸೆ.

"ಇದು ಉತ್ತರದವರ ಕಾಯಿಲೆ, ನಮ್ಮದಲ್ಲ" ಎನ್ನುವವರುಂಟು. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. 2016ರಲ್ಲಿ ಪ್ರಕಟವಾದ, ದೇಶದ 23,331 ವಯಸ್ಕರನ್ನು ಪರೀಕ್ಷಿಸಿದ ಅಧ್ಯಯನವೊಂದರ ಪ್ರಕಾರ ಉತ್ತರದಲ್ಲಿ ನೂರಕ್ಕೆ 1.23 ಮಂದಿಯ ರಕ್ತದಲ್ಲಿ ಈ ಕಾಯಿಲೆಯನ್ನು ಸೂಚಿಸುವ ಪ್ರತಿಕಾಯಗಳಿದ್ದರೆ ದಕ್ಷಿಣದಲ್ಲಿ ನೂರಕ್ಕೆ 0.10, ಅಂದರೆ ಸಾವಿರಕ್ಕೆ ಒಬ್ಬರಲ್ಲಿ. ಅಲ್ಲಿಯವರು ನಮಗಿಂತ ಹಲವು ಪಟ್ಟು ಹೆಚ್ಚು ಗೋಧಿ ಉಣ್ಣುವವರು. ಆದರೆ ಸಾವಿರಕ್ಕೆ ಒಬ್ಬರೆಂದರೆ ಯಾರೂ ಇಲ್ಲವೆಂದು ಅರ್ಥವೇ? ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ಒಂದನ್ನು ಅರಸಿ ಹೋದ ಕುರಿಗಾಹಿಯ ಕಥೆಯನ್ನು ಬೋಧಿಸುವ ನಮಗೆ ಈ ಲೆಕ್ಕ ಸಲ್ಲದು. ಅಪರೂಪದ ಕಾಯಿಲೆಗೆ ಇನ್ನೊಂದು ಕಷ್ಟವೂ ಉಂಟು: ಯಾರೂ ಅದನ್ನು ಸಂಶಯಿಸುವುದಿಲ್ಲ. ಮಗುವಿನ ಹಟವೆಂದೋ ಜಂತುಹುಳುವೆಂದೋ ವರ್ಷಗಳು ಕಳೆಯುತ್ತವೆ. ಅನುಮಾನವಿದ್ದವರು ವೈದ್ಯರಲ್ಲಿ ರಕ್ತಪರೀಕ್ಷೆಯ ವಿಷಯ ಕೇಳಲಿ. ಆದರೆ ಪರೀಕ್ಷೆಗೆ ಮೊದಲೇ ತಾವಾಗಿ ಗೋಧಿಯನ್ನು ಬಿಡಬಾರದು, ಬಿಟ್ಟರೆ ಇರುವ ಕಾಯಿಲೆಯೂ ಕಾಣದೆ ಹೋದೀತು.

ಇನ್ನು ಪೀಠದ ವಿಷಯ. ನಮ್ಮ ತಪ್ಪು ತಿಳಿದಾಗ ಆ ಮನೆಗೆ ಹೋಗಿ ಕ್ಷಮೆ ಕೇಳಿದೆವು. "ನೀವೇನ್ ಮಾಡೀರಿ ಸ್ವಾಮಿ, ನಮಗೂ ಗೊತ್ತಿರ್ಲಿಲ್ಲ" ಎಂದರು ತಾಯಿ. ಮೂಲೆಯಲ್ಲಿ ಕುಳಿತಿದ್ದ ಅಜ್ಜಿ ಮಾತ್ರ ನೇರವಾಗಿ ಕೇಳಿದರು: "ಗೋಧಿ ಆಗದಿದ್ರೆ ರಾಗಿ ರೊಟ್ಟೀನೇ ಪೀಠದ ಮೇಲೆ ಇಡಬಾರದಾ ಸ್ವಾಮಿ?" ಭಾರತ ಹಾಗೂ ಆಫ್ರಿಕಾದ ತಳಿಗಳನ್ನು ಕೂಡಿಸಿ ಲಕ್ಷ್ಮಣಯ್ಯನವರು ಇಂಡಾಫ್ ರಾಗಿಯನ್ನು ನಾಡಿಗೆ ಕೊಟ್ಟ ಮಂಡ್ಯದ ಮಣ್ಣಿನಲ್ಲಿ ಈ ಪ್ರಶ್ನೆ ಹುಟ್ಟುವುದು ಸಹಜ. ಅದನ್ನು ನಾವು ನಗುವಂತಿಲ್ಲ. ಆದರೆ ಪ್ರಭುವು ಕಡೆಯ ಭೋಜನದಲ್ಲಿ ಮಾಡಿದ್ದನ್ನು ಹಾಗೆಯೇ ಕಾಪಾಡಿಕೊಂಡು ಬರುವುದು ಶ್ರೀಸಭೆಯ ನಿಲುವು; ಪರಮಪ್ರಸಾದದ ರೊಟ್ಟಿ ಗೋಧಿಯದೇ ಆಗಿರಬೇಕೆಂದು ಧರ್ಮಸಭೆಯ ಕಾನೂನು ವಿಧಿಸುತ್ತದೆ. ಗುರುಗಳಾದ ನಾವು ಅದನ್ನು ಬದಲಿಸಲಾರೆವು.

ಆದರೆ ಬಾಗಿಲು ಮುಚ್ಚಿಲ್ಲ. ಆಗ ಕಾರ್ಡಿನಲ್ ಆಗಿದ್ದ ರಾಟ್ಜಿಂಗರರು 1995ರಲ್ಲಿಯೂ 2003ರ ಜುಲೈ ತಿಂಗಳಿನಲ್ಲಿಯೂ ರೋಮಿನಿಂದ ಬರೆದ ಪತ್ರಗಳು ಈ ವಿಷಯವನ್ನು ಇತ್ಯರ್ಥಗೊಳಿಸಿವೆ. 2017ರ ಸುತ್ತೋಲೆ ಅದನ್ನೇ ನೆನಪಿಸಿದೆ. ಗ್ಲುಟೆನ್ ಪೂರ್ತಿ ತೆಗೆದ ರೊಟ್ಟಿ ಸಲ್ಲದು. ಅತ್ಯಲ್ಪ ಗ್ಲುಟೆನ್ ಇರುವ ಗೋಧಿಯ ರೊಟ್ಟಿ ಸಲ್ಲುತ್ತದೆ, ಧರ್ಮಾಧ್ಯಕ್ಷರು ಅನುಮತಿ ಕೊಡಬಹುದು. ಅದನ್ನೂ ತಾಳಲಾರದ ವಿಶ್ವಾಸಿಗಳು ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಸ್ವೀಕರಿಸಬಹುದು. ಒಂದೊಂದು ರೂಪದಲ್ಲೂ ಕ್ರಿಸ್ತನು ಪೂರ್ಣವಾಗಿದ್ದಾನೆ ಎಂಬುದು ಟ್ರೆಂಟ್ ಮಹಾಸಭೆಯ ಬೋಧನೆ. ಆದ್ದರಿಂದ ಪಾತ್ರೆಯಿಂದ ಗುಟುಕು ಪಡೆದವಳಿಗೆ ಏನೂ ಕಡಿಮೆಯಾಗಲಿಲ್ಲ.

ಅನುಮತಿಯಷ್ಟೇ ಸಾಲದು, ಎಚ್ಚರವೂ ಬೇಕು. ಪೂಜೆಯಲ್ಲಿ ಗುರುವು ರೊಟ್ಟಿಯ ಚೂರೊಂದನ್ನು ತನ್ನ ಪಾತ್ರೆಯೊಳಗೆ ಹಾಕುತ್ತಾನೆ. ಆ ಪಾತ್ರೆಯಿಂದ ಕೊಟ್ಟರೆ ಉಪಕಾರವಾಗದು. ಪ್ರತ್ಯೇಕವಾದ ಚಿಕ್ಕ ಪಾತ್ರೆ ಇರಬೇಕು, ಅದನ್ನು ರೊಟ್ಟಿ ಮುಟ್ಟಿದ ಕೈಯಿಂದ ಹಿಡಿಯಬಾರದು. ನಾವು ಹೀಗೆ ಏರ್ಪಾಟು ಮಾಡಿದಾಗ ಆ ಹುಡುಗಿ, "ನಾನೊಬ್ಬಳೇ ಯಾಕೆ ಬೇರೆ?" ಎಂದು ಅತ್ತಳು. ಮಕ್ಕಳಿಗೆ ಹೊಟ್ಟೆನೋವಿಗಿಂತ ನೋವು ಕೊಡುವುದು ಈ ಬೇರೆತನ. ಮನೆಯವರ ಒಪ್ಪಿಗೆ ಪಡೆದು ಭಾನುವಾರದ ಪ್ರಬೋಧನೆಯಲ್ಲಿ ವಿಷಯವನ್ನು ಎಲ್ಲರಿಗೂ ತಿಳಿಸಿದೆವು. ಅಂದಿನಿಂದ ಪಿಸುಮಾತು ನಿಂತಿತು.

ಪೀಠದಲ್ಲಿ ಇದು ಸಾಧ್ಯವಾದರೆ ಮನೆಗಳಲ್ಲಿ ಏಕೆ ಆಗದು? ನಮ್ಮ ಮುದ್ದೆ, ಅನ್ನ, ಅಕ್ಕಿರೊಟ್ಟಿ, ಅಕ್ಕಿ-ಬೆಲ್ಲದ ಕಜ್ಜಾಯ ಈ ಮಕ್ಕಳಿಗೆ ದೇವರಿತ್ತ ವರ. ತೊಡಕಿರುವುದು ಕಾಣದೆ ಬೆರೆತ ಗೋಧಿಯಲ್ಲಿ. ಅಂಗಡಿಯ ಇಂಗಿನ ಪುಡಿಯಲ್ಲಿ ಅನೇಕ ವೇಳೆ ಗೋಧಿಹಿಟ್ಟು ಇರುತ್ತದೆ. ಬೇಕರಿಯ ರಾಗಿ ಬಿಸ್ಕತ್ತಿನಲ್ಲಿ ಮೈದಾ ಇರುತ್ತದೆ. ಗೋಧಿ ಬೀಸಿದ ಗಿರಣಿಯಲ್ಲೇ ರಾಗಿ ಬೀಸಿದರೆ ಆ ಹಿಟ್ಟೂ ಕೆಡುತ್ತದೆ. ಗಿರಣಿಯವರನ್ನು ಒಂದು ಮಾತು ಕೇಳಿ, ಶುಚಿಗೊಳಿಸಿದ ಕಲ್ಲಿನಲ್ಲಿ ಬೀಸಿಸಿಕೊಳ್ಳುವುದು ಒಳ್ಳೆಯದು. ಕ್ರಿಸ್ಮಸ್ಸಿಗೆ ಕೇಕು, ಕಲ್‌ಕಲ್ ಹಂಚುವಾಗ, ಹೋಳಿಗೆ ಬಡಿಸುವಾಗ, "ಒಂದು ಚೂರು ತಿಂದರೆ ಏನಾಗುತ್ತೆ?" ಎಂದು ಬಲವಂತ ಮಾಡುವ ಅತ್ತೆ, ಚಿಕ್ಕಮ್ಮಂದಿರಲ್ಲಿ ನಮ್ಮದೊಂದು ವಿನಂತಿ: ಆ ಚೂರನ್ನು ಮೊದಲು ಕೊಟ್ಟವರು ನಾವೇ, ಅದರ ಫಲವನ್ನು ಕಂಡಿದ್ದೇವೆ. ದಯಮಾಡಿ ಕೊಡಬೇಡಿ.

ಎರಡು ಶತಮಾನಗಳ ಹಿಂದೆ ಶ್ರೀರಂಗಪಟ್ಟಣದ ಸೀಮೆಯಲ್ಲಿ ಸೇವೆ ಸಲ್ಲಿಸಿದ ಅಬ್ಬೆ ದುಬುವಾ ಸ್ವಾಮಿಗಳು ಸಿಡುಬಿನ ಲಸಿಕೆ ಹಾಕಿಸಲು ಊರೂರು ಶ್ರಮಿಸಿದರು. ಆತ್ಮದ ಕುರುಬನಿಗೆ ದೇಹದ ಕಾಳಜಿ ಹೊರತಲ್ಲವೆಂದು ಅವರು ಬಲ್ಲವರಾಗಿದ್ದರು. ಪ್ರಭುವಿನ ಭೋಜನಕ್ಕೆ ಕೂಡಿದಾಗಲೂ ಕೆಲವರನ್ನು ಹಸಿದಿರಲು ಬಿಟ್ಟ ಕೊರಿಂಥದವರನ್ನು ಸಂತ ಪೌಲರು ಗದರಿಸಿದ್ದು ನಮಗೂ ಅನ್ವಯಿಸುತ್ತದೆ. ಮುಂದಿನ ವರ್ಷ ಪ್ರಥಮ ಪರಮಪ್ರಸಾದದ ಪಟ್ಟಿ ಬರೆಯುವಾಗ ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ ಹೆಸರಿನ ಜೊತೆಗೆ ಒಂದು ಪ್ರಶ್ನೆಯನ್ನು ಕೇಳಲಿ: ಮಗುವಿಗೆ ಆಗದ ಆಹಾರ ಯಾವುದಾದರೂ ಇದೆಯೇ? ಉತ್ತರ ಹೇಳುವ ತಾಯಿಯನ್ನು ನಂಬಲಿ. ನಾವು ಕಲಿತದ್ದು ಇಷ್ಟೇ, ಅದೂ ತಡವಾಗಿ.